ಕಲ್ಲು ಓತಿ ಗಂಡು ಯಾಕೆ ಊಟ ಬಿಟ್ಟು ಕೂತಿದೆ? ಮರಿ, ಹೆಣ್ಣು, ಗಂಡಿನ ಮೇವು ಬೇರೆ ಬೇರೆಯಾ?

ಕೋಟೆ ಪಕ್ಕದವಳು, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ದುರ್ಗದಲ್ಲಿ ಮನೆ ಹಿಂದೆ ಬಂಡೆ ಇರುವುದು ದೊಡ್ಡ ವಿಷಯವೇನಲ್ಲ. ನಮ್ಮ ಹಿತ್ತಲ ಬಂಡೆ ಮೇಲೆ ಕಲ್ಲು ಓತಿಗಳ ಒಂದು ಸಂಸಾರವೇ ಇದೆ. ಬೇಸಿಗೆ ಕೊನೆಗೆ ದೊಡ್ಡ ಗಂಡು ಬಣ್ಣ ಏರಿಸಿಕೊಂಡಿತು. ಬೆನ್ನು ಕೆಂಪು, ಪಕ್ಕೆ ಕಪ್ಪು. ಬಿಸಿಲು ಬಿದ್ದಾಗಿನಿಂದ ತುದಿಯಲ್ಲಿ ಕೂತು ದಂಡ ಹೊಡೆಯುವುದೇ ಅದರ ಕೆಲಸ. ಏನಾದರೂ ತಿನ್ನುವುದು ಕಾಣುವುದೇ ಅಪರೂಪ. ಕೆಳಗೆ ಬಿರುಕಿನ ಹತ್ತಿರ ಇರುವ ಮಾಸಲು ಬಣ್ಣದ ಹೆಣ್ಣುಗಳು ಮಾತ್ರ ಬಿಡುವಿಲ್ಲದೆ ಏನನ್ನಾದರೂ ಹಿಡಿಯುತ್ತಲೇ ಇರುತ್ತವೆ. ಹೋದ ಹಿಂಗಾರಿನಲ್ಲಿ ಕಂಡ ಮರಿಗಳಂತೂ ಇರುವೆ ಸಾಲಿನ ಪಕ್ಕದಲ್ಲೇ ಠಿಕಾಣಿ ಹೂಡಿದ್ದವು. ಬಂಡೆ ಒಂದೇ, ಜಾತಿ ಒಂದೇ. ಊಟ ಮಾತ್ರ ಬೇರೆ ಬೇರೆಯಾ? ಪುಸ್ತಕ ತೆಗೆದರೆ "ಹುಳು ಹುಪ್ಪಟೆ ತಿನ್ನುತ್ತದೆ" ಅಂತ ಒಂದೇ ಸಾಲು. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಬೆಣ್ಣೆದೋಸೆ, ದಾವಣಗೆರೆ

ಅಕ್ಕಾ, ಅದು ಮದುವೆ ಗಂಡು. ಮದುವೆ ಓಡಾಟದಲ್ಲಿ ಮದುಮಗನಿಗೆ ಊಟ ಎಲ್ಲಿ ಸೇರುತ್ತದೆ?

ನಿವೃತ್ತ ಮೇಷ್ಟ್ರು, ದಾವಣಗೆರೆ

ತಮಾಷೆಗೆ ಹೇಳಿದ್ದರೂ ಅರ್ಧ ಉತ್ತರ ಅದರಲ್ಲೇ ಇದೆ. ಜಾಗ ಕಾಯುವ ಓತಿಗಳ ಹಲವು ಜಾತಿಗಳಲ್ಲಿ, ಬೆದೆಗಾಲದಲ್ಲಿ ಗಂಡು ಊಟಕ್ಕೆ ಕೊಡುವ ಸಮಯ ಕಡಿಮೆಯಾಗುತ್ತದೆ. ತುದಿಬಂಡೆ ಬಿಟ್ಟು ಹುಳದ ಹಿಂದೆ ಹೋದರೆ ಪಕ್ಕದ ಗಂಡು ಬಂದು ಕೂರುತ್ತದೆ. ಮೇಲಾಗಿ ಆ ಕೆಂಪು ಬಣ್ಣ ಹೆಣ್ಣಿಗೆ ಮಾತ್ರ ಕಾಣುವುದಲ್ಲ, ಮೇಲೆ ಸುತ್ತುವ ಬಿಜ್ಜುವಿನಂಥ ಬೇಟೆ ಹಕ್ಕಿಗೂ ಕಾಣುತ್ತದೆ. ಹಾಗಾಗಿ ಕೂತಲ್ಲಿಂದ ನಾಲ್ಕು ಹೆಜ್ಜೆಯೊಳಗೆ ಸಿಕ್ಕಿದ್ದನ್ನು ನೆಕ್ಕಿಕೊಂಡು ಕಾಲ ಕಳೆಯುತ್ತದೆ. ಬಂಡೆ ನೆತ್ತಿಯ ಮೇಲೆ ಹೆಚ್ಚು ಸಿಗುವುದು ಏನು? ಇರುವೆ. ಉಳಿದ ಖರ್ಚೆಲ್ಲ ಮೊದಲೇ ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದ. ಓತಿ, ಹಲ್ಲಿಗಳಿಗೆ ಹೊಟ್ಟೆಯೊಳಗೆ ಕೊಬ್ಬಿನ ಗಂಟುಗಳಿರುತ್ತವೆ. ಬಾಲದ ಬುಡದಲ್ಲೂ ಕೊಬ್ಬು ಕೂಡುತ್ತದೆ. ಬೆದೆ ಮುಗಿಯುವ ಹೊತ್ತಿಗೆ ನಿಮ್ಮ ಗಂಡಿನ ಬಾಲದ ಬುಡ ನೋಡಿ, ಸೊರಗಿರುತ್ತದೆ.

ಹೆಣ್ಣಿನ ಲೆಕ್ಕವೇ ಬೇರೆ. ಅದಕ್ಕೆ ಮೊಟ್ಟೆ ಕಟ್ಟಬೇಕು. ಮೊಟ್ಟೆಯ ಹಳದಿಗೆ ಹೋಗುವ ಕೊಬ್ಬು, ಪ್ರೋಟೀನು ಎಲ್ಲ ತಿಂದದ್ದರಿಂದಲೇ ಬರಬೇಕು, ಇಲ್ಲವೇ ಕೂಡಿಟ್ಟದ್ದರಿಂದ. ಹಾಗಾಗಿ ಮೊಟ್ಟೆ ಬೆಳೆಯುವ ಶುರುವಿನಲ್ಲಿ ಅದು ಎಡೆಬಿಡದೆ ತಿನ್ನುತ್ತದೆ. ಆದರೆ ಮೊಟ್ಟೆ ದೊಡ್ಡದಾಗಿ ಹೊಟ್ಟೆ ತುಂಬಿಬಿಟ್ಟರೆ ಆಹಾರಕ್ಕೆ ಒಳಗೆ ಜಾಗವೇ ಇರುವುದಿಲ್ಲ. ಇಡುವ ಹೊತ್ತಿಗೆ ಹತ್ತಿರ ಬಂದ ಹೆಣ್ಣುಗಳು ಊಟ ಕಡಿಮೆ ಮಾಡುವುದು ಹಲವು ಜಾತಿಗಳಲ್ಲಿ ಕಂಡಿದೆ. ಮೊಟ್ಟೆ ಇಟ್ಟು ಬಂದ ಮೇಲೆ ಮತ್ತೆ ಹಸಿವು.

ಎಮ್ಮೆಸ್ಸಿ ಇನ್ನೂ ಮುಗಿದಿಲ್ಲ, ದಾವಣಗೆರೆ

ಮೇಷ್ಟ್ರು ಗಂಡು ಹೆಣ್ಣಿನದು ಹೇಳಿದರು, ನಾನು ಮರಿಗಳ ಕಡೆ ಬರುತ್ತೇನೆ. ಓತಿ ನಮ್ಮ ಹಾಗೆ ಅಗಿದು ತಿನ್ನುವುದಿಲ್ಲ. ಎರಡು ಮೂರು ಸಲ ಕಚ್ಚಿ ಜಜ್ಜಿ ಇಡಿಯಾಗಿ ನುಂಗುತ್ತದೆ. ಹಾಗಾಗಿ ಬಾಯಿ ಎಷ್ಟು ಅಗಲವೋ ಅಷ್ಟೇ ತುತ್ತು. ಮೊಟ್ಟೆಯಿಂದ ಈಗಷ್ಟೇ ಬಂದ ಮರಿಗೆ ಮಿಡತೆ ಎದುರಿಗೇ ಇದ್ದರೂ ಪ್ರಯೋಜನವಿಲ್ಲ. ಇರುವೆ, ಸಣ್ಣ ಜೇಡ, ಹೇನು ಗಾತ್ರದ ಜಿಗಿಹುಳ, ಇಷ್ಟೇ ಅದರ ಪ್ರಪಂಚ. ಮೈತೂಕಕ್ಕೆ ಹೋಲಿಸಿದರೆ ಮರಿಗೆ ಬೇಕಾದ ಆಹಾರ ದೊಡ್ಡದಕ್ಕಿಂತ ಜಾಸ್ತಿ, ಬೆಳೆಯಬೇಕಲ್ಲ. ಅದಕ್ಕೇ ಇರುವೆ ಸಾಲು ಬಿಟ್ಟು ಕದಲುವುದಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಓತಿ ಬೆಳೆದ ಹಾಗೆ ತುತ್ತಿನ ಮೇಲಿನ ಮಿತಿ ಮಾತ್ರ ಏರುತ್ತದೆ, ಕೆಳಗಿನದು ಇದ್ದಲ್ಲೇ ಇರುತ್ತದೆ. ಅಂದರೆ ದೊಡ್ಡ ಗಂಡು ಮಿಡತೆಯನ್ನೂ ನುಂಗುತ್ತದೆ, ಇರುವೆಯನ್ನೂ ಬಿಡುವುದಿಲ್ಲ. "ಮರಿಗೆ ಇರುವೆ, ದೊಡ್ಡದಕ್ಕೆ ಮಿಡತೆ" ಅಂತ ಗೆರೆ ಎಳೆಯಲು ಆಗುವುದಿಲ್ಲ. ಬೆಂಗಳೂರಿನ ಸುತ್ತಮುತ್ತ ಇದೇ ಕಲ್ಲು ಓತಿಗಳ ಹೊಟ್ಟೆಯಲ್ಲಿ ಏನಿದೆ ಅಂತ ನೋಡಿದ್ದಾರೆ, ಅಲ್ಲೂ ಇರುವೆಯದೇ ದರ್ಬಾರು.

ಜಗಳೂರು ಕಡೆ ರೈತ

ನಮ್ಮ ಹೊಲದ ಕಡೆ ಉಡ ಇದೆ. ದೊಡ್ಡ ಉಡ ಮಳೆ ಶುರುವಾದ ಮೇಲೆ ತಿಪ್ಪೆಗೆ ಬರುತ್ತದೆ. ಮುಂಗಾಲಿನ ಉಗುರಲ್ಲಿ ಗೊಬ್ಬರ ಕೆರೆದು ಕೆರೆದು, ನಾಲಿಗೆ ಹೊರಗೆ ಹಾಕಿ ಮೂಸಿ, ಬಿಳಿ ಗೊಣ್ಣೆ ಹುಳ ತೆಗೆದು ತಲೆ ಮೇಲೆತ್ತಿ ನುಂಗುತ್ತದೆ. ಗೊಣ್ಣೆ ಹುಳ ಬೆಳೆಯ ಬೇರು ಕಡಿಯುವುದರಿಂದ ನನಗೇನೂ ಬೇಜಾರಿಲ್ಲ, ಬರಲಿ ಪಾಪ. ಆದರೆ ಕೋಳಿ ಮೊಟ್ಟೆ ಸಿಕ್ಕರೆ ಅದನ್ನೂ ಬಿಡುವುದಿಲ್ಲ, ಆವಾಗ ಮನೆಯವಳು ಕೋಲು ಹಿಡಿಯುತ್ತಾಳೆ. ಮರಿ ಉಡ ಮಾತ್ರ ತಿಪ್ಪೆ ಹತ್ತಿರ ಬಂದದ್ದು ನಾನು ನೋಡಿಲ್ಲ. ಅವು ಎಲ್ಲಿ ತಿನ್ನುತ್ತವೆ?

ಎಮ್ಮೆಸ್ಸಿ ಇನ್ನೂ ಮುಗಿದಿಲ್ಲ

ಅಣ್ಣಾ, ಮರಿಗಳು ಹೆಚ್ಚು ಹೊತ್ತು ಮರದ ಮೇಲೆ, ಪೊಟರೆಯಲ್ಲಿ ಇರುತ್ತವೆ. ಅವಕ್ಕೆ ಹುಳಗಳೇ ಮುಖ್ಯ. ದೊಡ್ಡದಾದ ಮೇಲೆ ನೆಲದ ಓಡಾಟ ಜಾಸ್ತಿ. ಆಗ ಏಡಿ, ಬಸವನಹುಳು, ಇಲಿ, ಮೊಟ್ಟೆ, ಸತ್ತ ಪ್ರಾಣಿ, ಎಲ್ಲವೂ ಆದೀತು. ಆದರೆ ದೊಡ್ಡ ಉಡವೂ ಜೀರುಂಡೆ, ಗೊಣ್ಣೆ ಹುಳ ತಿನ್ನುವುದನ್ನು ಬಿಡುವುದಿಲ್ಲ, ನೀವು ನೋಡಿದ್ದೇ ಅದಕ್ಕೆ ಸಾಕ್ಷಿ.

ಉಡದ ದೊಡ್ಡ ನೆಂಟ ಇಂಡೋನೇಷ್ಯಾದ ಕೊಮೋಡೊ. ಅದರ ಮರಿಗಳೂ ಮರದ ಮೇಲೇ ಬೆಳೆಯುತ್ತವೆ. ಹುಳ, ಸಣ್ಣ ಹಲ್ಲಿಗಳನ್ನು ತಿನ್ನುತ್ತವೆ. ಕೆಳಗಿಳಿದರೆ ಅವುಗಳದೇ ಜಾತಿಯ ದೊಡ್ಡವು ನುಂಗಿಬಿಡುತ್ತವೆ! ದೊಡ್ಡದಾದ ಮೇಲೆ ಜಿಂಕೆ, ಹಂದಿ, ಎಮ್ಮೆ. ಆಫ್ರಿಕಾದ ನೈಲ್ ಉಡದ್ದು ಇನ್ನೂ ಸ್ವಾರಸ್ಯ. ಮರಿಯಿದ್ದಾಗ ಹಲ್ಲು ಚೂಪು, ಊಟ ಹೆಚ್ಚಾಗಿ ಹುಳ. ವಯಸ್ಸಾದ ಹಾಗೆ ಹಿಂದಿನ ಹಲ್ಲುಗಳು ದಪ್ಪಗೆ ಮೊಂಡಾಗುತ್ತವೆ, ಬಸವನಹುಳು, ಏಡಿಯ ಚಿಪ್ಪು ಒಡೆಯುವುದಕ್ಕೆ ಹೇಳಿ ಮಾಡಿಸಿದ ಹಾಗೆ. ವಯಸ್ಸಿನ ಜೊತೆ ಊಟ ಬದಲಾಗುತ್ತದೆ ಅನ್ನುವುದು ಅದರ ದವಡೆಯಲ್ಲೇ ಬರೆದಿದೆ.

ಬೆಣ್ಣೆದೋಸೆ

ಕೋಟೆ ಗೋಡೆಗೆ ಉಡ ಎಸೆದು ಹಗ್ಗ ಹಿಡಿದು ಹತ್ತುತ್ತಿದ್ದರು ಅಂತ ನಮ್ಮಜ್ಜ ಹೇಳುತ್ತಿದ್ದರು. ಅದಕ್ಕೆ ಊಟ ಏನು ಹಾಕುತ್ತಿದ್ದರು ಅಂತ ಯಾರಾದರೂ ಹೇಳಿ.

ನಿವೃತ್ತ ಮೇಷ್ಟ್ರು

ಕಥೆಯ ಉಡಕ್ಕೆ ಕಥೆಯ ಊಟ. ನಿಜದ ಉಡ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಹಿಡಿಯುವುದು ಸಾಕುವುದು ಎರಡೂ ಅಪರಾಧ. ರೈತರೇ, ಮನೆಯವರಿಗೆ ಕೋಲು ಕೆಳಗಿಡಲು ಹೇಳಿ. ಕೋಳಿ ಗೂಡಿಗೆ ಒಂದು ಜಾಲರಿ ಬಾಗಿಲು ಸಾಕು.

ಹಿರಿಯೂರಿನವ

ಚರ್ಚೆ ಚೆನ್ನಾಗಿದೆ. ನನ್ನದೊಂದು ತಕರಾರು. ಗಂಡು ಹೆಣ್ಣಿನ ಊಟ ಬೇರೆ ಅಂತೀರಿ. ಕಲ್ಲು ಓತಿ ಗಂಡು ಹೆಣ್ಣಿಗಿಂತ ಎಷ್ಟೋ ದೊಡ್ಡದು. ಹಾಗಾದರೆ ಅದು ಗಂಡು ಅನ್ನುವ ಕಾರಣಕ್ಕೆ ಬೇರೆ ತಿನ್ನುತ್ತಿದೆಯೋ, ದೊಡ್ಡದು ಅನ್ನುವ ಕಾರಣಕ್ಕೋ? ಎರಡನ್ನೂ ಕಲಸಿ ಹೇಳಿದರೆ ಹೇಗೆ? ಹಾಗೆ ನೋಡಿದರೆ ವಯಸ್ಸಿನ ಮಾತೂ ಗಾತ್ರದ ಮಾತೇ ಅಲ್ವಾ?

ಎಮ್ಮೆಸ್ಸಿ ಇನ್ನೂ ಮುಗಿದಿಲ್ಲ

ಇದು ಸರಿಯಾದ ಪ್ರಶ್ನೆ. ಬಿಡಿಸುವ ದಾರಿ ಒಂದೇ, ಒಂದೇ ಅಳತೆಯ ಗಂಡು ಹೆಣ್ಣು ತೆಗೆದುಕೊಂಡು ಹೋಲಿಸಬೇಕು. ಹಾಗೆ ಮಾಡಿದಾಗ ಎಷ್ಟೋ ಜಾತಿಗಳಲ್ಲಿ ವ್ಯತ್ಯಾಸ ಕರಗಿಹೋಗುತ್ತದೆ. ಇನ್ನು ಕೆಲವಲ್ಲಿ ಉಳಿಯುತ್ತದೆ. ಯಾಕೆಂದರೆ ಮೈಯುದ್ದ ಒಂದೇ ಇದ್ದರೂ ಗಂಡಿನ ತಲೆ ಅಗಲ, ದವಡೆ ಗಟ್ಟಿ. ಗಟ್ಟಿ ಚಿಪ್ಪಿನ ಜೀರುಂಡೆಯನ್ನು ಅದು ಒಡೆಯುತ್ತದೆ, ಹೆಣ್ಣು ಬಿಟ್ಟುಬಿಡುತ್ತದೆ.

ಇದು ಹಳೇ ಜಗಳ. 1967ರಲ್ಲಿ ಥಾಮಸ್ ಶೋನರ್ ಅನ್ನುವವರು ಕೆರಿಬಿಯನ್ ದ್ವೀಪದ ಅನೋಲ್ ಓತಿಗಳ ಮೇಲೆ ಬರೆದರು. ಅಲ್ಲಿ ಗಂಡು ದೊಡ್ಡದು, ಹೆಣ್ಣು ಚಿಕ್ಕದು, ತಿನ್ನುವ ಹುಳದ ಗಾತ್ರವೂ ಬೇರೆ. ಒಂದೇ ಜಾಗದಲ್ಲಿ ಗಂಡ ಹೆಂಡತಿ ಒಂದೇ ತಟ್ಟೆಗೆ ಕೈ ಹಾಕದ ಹಾಗೆ ಗಾತ್ರ ಬೇರೆಯಾಗಿದೆ ಅನ್ನುವ ವಾದಕ್ಕೆ ಅದು ಬಲ ಕೊಟ್ಟಿತು. ನನಗೆ ಈ ವಾದದಲ್ಲಿ ಹುರುಳಿದೆ ಅನಿಸುತ್ತದೆ, ಅದರಲ್ಲೂ ಆಹಾರ ಕಡಿಮೆ ಇರುವ ದ್ವೀಪಗಳಲ್ಲಿ.

ನಿವೃತ್ತ ಮೇಷ್ಟ್ರು

ನಾನು ಒಪ್ಪುವುದಿಲ್ಲ ತಮ್ಮಾ. ಗಂಡಿಗೆ ದೊಡ್ಡ ತಲೆ ಬಂದದ್ದು ಇನ್ನೊಂದು ಗಂಡನ್ನು ಕಚ್ಚಿ ಓಡಿಸಲು. ಜೋರಾಗಿ ಕಚ್ಚುವುದಕ್ಕೆ ಜಾಗ ಸಿಕ್ಕಿತು, ಜಾಗಕ್ಕೆ ಹೆಣ್ಣು ಸಿಕ್ಕಿತು, ಅದೇ ತಲೆ ಮುಂದಿನ ಪೀಳಿಗೆಗೂ ಹೋಯಿತು. ಆ ದವಡೆಗೆ ಜೀರುಂಡೆಯೂ ಒಡೆಯುತ್ತದೆ ಅನ್ನುವುದು ಮೇಲುಸಂಪಾದನೆ. ಬೆದೆಗಾಲದಲ್ಲೇ ಊಟ ಬಿಟ್ಟು ಕೂರುವ ಪ್ರಾಣಿಗೆ ಊಟಕ್ಕೋಸ್ಕರ ತಲೆ ದೊಡ್ಡದಾಯಿತು ಅಂದರೆ ನನಗೆ ಹೊಂದುವುದಿಲ್ಲ. ಹಿರಿಯೂರಿನವರ ಇನ್ನೊಂದು ಮಾತಿಗೂ ಹೇಳುತ್ತೇನೆ, ವಯಸ್ಸು ಅಂದರೆ ಬರೀ ಗಾತ್ರವಲ್ಲ. ಮರಿ ಎಲ್ಲಿ ಇರುತ್ತದೆ, ಯಾರಿಗೆ ಹೆದರುತ್ತದೆ ಅನ್ನುವುದೂ ಸೇರುತ್ತದೆ. ಉಡದ ಮರಿ ಮರದ ಮೇಲಿರುವುದು ಬಾಯಿ ಚಿಕ್ಕದು ಅಂತಲ್ಲ. ಬೇಲಿ ಓತಿಯೂ ತನ್ನದೇ ಜಾತಿಯ ಮರಿಯನ್ನು ನುಂಗುವುದುಂಟು, ಇದು ಬರೆದಿಟ್ಟಿರುವ ವಿಷಯವೇ.

ಟ್ಯೂಬ್‌ಲೈಟ್, ಹರಿಹರ

ಕಲ್ಲು ಓತಿ ಇಲ್ಲದ ಬಡವರು ನಾವು, ನಮಗೆ ಗೋಡೆ ಹಲ್ಲಿಯೇ ಗತಿ. ನಮ್ಮದು ಭದ್ರಾ ನಾಲೆ ಗದ್ದೆ ಕಡೆ. ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಸಣ್ಣ ಹಸಿರು ಜಿಗಿಹುಳ ದೀಪಕ್ಕೆ ಮುತ್ತುತ್ತವೆ, ಊಟದ ತಟ್ಟೆಗೂ ಬೀಳುತ್ತವೆ. ಆವಾಗ ನೋಡಬೇಕು ಹಲ್ಲಿಗಳನ್ನು. ದೊಡ್ಡವು ದೀಪದ ಪಟ್ಟಿಯ ಪಕ್ಕದಲ್ಲೇ ಜಾಗ ಹಿಡಿದು ಪತಂಗಕ್ಕೆ ಕಾಯುತ್ತವೆ. ಮರಿಗಳು ಗೋಡೆಯ ಮಬ್ಬು ಮೂಲೆಯಲ್ಲಿ, ಬೆಳಕು ತಪ್ಪಿ ಬಂದ ಜಿಗಿಹುಳವನ್ನು ಹೆಕ್ಕುತ್ತವೆ. ಮರಿ ದೀಪದ ಹತ್ತಿರ ಬಂದರೆ ದೊಡ್ಡದು ಅಟ್ಟಿಸಿಕೊಂಡು ಬರುತ್ತದೆ. ಹಾಗಾದರೆ ಮರಿ ಜಿಗಿಹುಳ ತಿನ್ನುವುದು ಬಾಯಿ ಚಿಕ್ಕದು ಅಂತಲೋ, ಜಾಗ ಸಿಕ್ಕಿಲ್ಲ ಅಂತಲೋ?

ಇನ್ನೊಂದು. ಕೆಲವು ಹಲ್ಲಿಗಳ ಕತ್ತಿನ ಎರಡೂ ಪಕ್ಕ ಬಿಳಿ ಗಂಟು ಇರುತ್ತದೆ. ರೋಗವಾ?

ಎಮ್ಮೆಸ್ಸಿ ಇನ್ನೂ ಮುಗಿದಿಲ್ಲ

ಮೊದಲನೆಯದಕ್ಕೆ: ಎರಡೂ. ಎರಡನೆಯದು ರೋಗವಲ್ಲ, ಸುಣ್ಣದ ದಾಸ್ತಾನು. ಕಿವಿಯ ಒಳಭಾಗದಿಂದ ಹೊರಟ ಚೀಲ ಅದು, ಒಳಗೆ ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿರುತ್ತದೆ. ಮೊಟ್ಟೆ ಇಡುವ ಹೆಣ್ಣುಗಳಲ್ಲಿ ಚೆನ್ನಾಗಿ ಉಬ್ಬಿ ಕಾಣುತ್ತದೆ. ಬೇಲಿ ಓತಿಯ ಮೊಟ್ಟೆಯ ಸಿಪ್ಪೆ ಮೆತ್ತಗೆ ತೊಗಲಿನ ಹಾಗೆ, ಆದರೆ ಮನೆ ಹಲ್ಲಿಯ ಮೊಟ್ಟೆ ಗಟ್ಟಿ ಸಿಪ್ಪೆಯದು, ಒಂದು ಸಲಕ್ಕೆ ಎರಡು ಇಡುತ್ತದೆ. ಆ ಸಿಪ್ಪೆಗೆ ಸುಣ್ಣ ಬೇಕಲ್ಲ. ಹುಳದಲ್ಲಿ ಸುಣ್ಣ ಬಹಳ ಕಮ್ಮಿ. ಹಾಗಾಗಿ ಮೊಟ್ಟೆ ಇಡುವ ಹೆಣ್ಣಿಗೆ ಎಷ್ಟು ತಿಂದೆ ಅನ್ನುವುದರ ಜೊತೆಗೆ ಏನು ತಿಂದೆ ಅನ್ನುವುದೂ ಮುಖ್ಯ.

ಜಗಳೂರು ಕಡೆ ರೈತ

ಮಳೆ ವಿಚಾರ ಯಾರೂ ಎತ್ತಲೇ ಇಲ್ಲ. ನಮ್ಮ ಸೀಮೆಯಲ್ಲಿ ಎಲ್ಲ ಲೆಕ್ಕವೂ ಮಳೆಯಿಂದಲೇ. ರೋಹಿಣಿ ಮಳೆ ಬಿದ್ದ ಸಂಜೆ ಹುತ್ತದಿಂದ ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು, ಏಳುತ್ತವೆ. ಬೇಲಿ ಓತಿ, ಹಾವುರಾಣಿ, ಕಾಗೆ, ಕಪ್ಪೆ, ನಾಯಿ ಎಲ್ಲವೂ ಅಲ್ಲಿ ಹಾಜರ್. ಓತಿ ಬಾಯಿಯ ಎರಡೂ ಕಡೆ ಈಸಲಿನ ರೆಕ್ಕೆ ಅಂಟಿಕೊಂಡಿರುತ್ತದೆ, ಒಂದನ್ನು ನುಂಗುವ ಮೊದಲೇ ಇನ್ನೊಂದಕ್ಕೆ ಬಾಯಿ ಹಾಕುತ್ತದೆ. ಆಮೇಲೆ ಶೇಂಗಾ ಹೊಲದಲ್ಲಿ, ಮೆಕ್ಕೆಜೋಳದಲ್ಲಿ ಹುಳ. ಹಸ್ತ, ಚಿತ್ತೆ ಹೊತ್ತಿಗೆ ಮಿಡತೆ. ಸುಗ್ಗಿ ಮುಗಿದು ಹೊಲ ಬೋಳಾದ ಮೇಲೆ ಓತಿ ಏನು ತಿಂದು ಬದುಕುತ್ತದೋ ದೇವರಿಗೇ ಗೊತ್ತು.

ನಿವೃತ್ತ ಮೇಷ್ಟ್ರು

ಇರುವೆ, ಗೆದ್ದಲು ತಿಂದು. ಈ ಎರಡಕ್ಕೆ ಬರಗಾಲವಿಲ್ಲ. ಬೇರೆ ಹುಳಗಳು ಮೊಟ್ಟೆಯಾಗಿ, ಕೋಶವಾಗಿ ಮಣ್ಣು ಸೇರಿದಾಗಲೂ ಇವು ಓಡಾಡುತ್ತಿರುತ್ತವೆ. ಆದರೆ ಇರುವೆ ಒಳ್ಳೇ ಊಟವಲ್ಲ. ಚಿಪ್ಪು ಜಾಸ್ತಿ, ತಿರುಳು ಕಮ್ಮಿ, ಮೇಲಿಂದ ಆಮ್ಲ. ಹೊಟ್ಟೆ ತುಂಬಲು ರಾಶಿ ತಿನ್ನಬೇಕು. ಈಸಲು ಅದಕ್ಕೆ ಪೂರ್ತಿ ತದ್ವಿರುದ್ಧ, ಮೈ ತುಂಬ ಕೊಬ್ಬು. ಒಂದು ಸಂಜೆಯ ಈಸಲು ಸಿಕ್ಕರೆ ಹೆಣ್ಣಿನ ಮೊಟ್ಟೆಗೆ ದೊಡ್ಡ ಆಸರೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರು ಬೇಲಿ ಓತಿಯ ಮೊಟ್ಟೆಗಾಲದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಆ ಕಡೆ ಅದು ಹೆಚ್ಚುಕಡಿಮೆ ಮೇ ಕೊನೆಯಿಂದ ಅಕ್ಟೋಬರ್ ಶುರುವಿನ ತನಕ, ಅಂದರೆ ಮಳೆಗಾಲಕ್ಕೆ ಜೋಡಿಸಿಟ್ಟ ಹಾಗೆ. ಹೆಣ್ಣಿಗೆ ಊಟ ಬೇಕಾದಾಗಲೂ ಮಳೆ, ಮರಿ ಹೊರಗೆ ಬಂದು ಸಣ್ಣ ಹುಳ ಹುಡುಕುವಾಗಲೂ ನೆಲದಲ್ಲಿ ಹಸಿ. ಹಾಗಾಗಿ ವಯಸ್ಸು, ಲಿಂಗ, ಕಾಲ ಅಂತ ಮೂರು ಡಬ್ಬಿ ಮಾಡಿ ಕೂರಬೇಡಿ. ಜೂನ್‌ನ ಹೆಣ್ಣು ಮತ್ತು ಫೆಬ್ರವರಿಯ ಹೆಣ್ಣು ಊಟದ ವಿಷಯದಲ್ಲಿ ಎರಡು ಬೇರೆ ಪ್ರಾಣಿಗಳು. ಮಳೆ ಕೈಕೊಟ್ಟ ವರ್ಷದ ಜೂನ್ ಹೆಣ್ಣು ಮೂರನೆಯದು.

ಹಿರಿಯೂರಿನವ

ಹುಳ ಇಲ್ಲದಿದ್ದರೆ ಸೊಪ್ಪು ತಿನ್ನಬಹುದಲ್ಲ?

ಎಮ್ಮೆಸ್ಸಿ ಇನ್ನೂ ಮುಗಿದಿಲ್ಲ

ಕೆಲವು ತಿನ್ನುತ್ತವೆ, ಆದರೆ ಸೊಪ್ಪು ಅರಗಿಸುವುದು ಸುಲಭವಲ್ಲ. ಸಾಮಾನ್ಯವಾಗಿ ಸೊಪ್ಪು ತಿನ್ನುವ ಓತಿಗಳು ದೊಡ್ಡ ಮೈಯವು. ರಾಜಸ್ಥಾನ, ಗುಜರಾತಿನ ಮುಳ್ಳುಬಾಲದ ಸಾಂಡಾ ನೋಡಿ. ದೊಡ್ಡವು ಹೆಚ್ಚಾಗಿ ಹುಲ್ಲು, ಎಲೆ, ಹೂವು ತಿನ್ನುತ್ತವೆ. ಮರಿಗಳು ಹುಳವನ್ನೂ ಚೆನ್ನಾಗಿ ತಿನ್ನುತ್ತವೆ. ಹಸಿರು ಇಗ್ವಾನ ಅನ್ನುವ ದೊಡ್ಡ ಓತಿ ಮಾತ್ರ ಹುಟ್ಟಿನಿಂದಲೇ ಸಸ್ಯಾಹಾರಿ. ಅದರ ಮರಿಗಳು ದೊಡ್ಡವುಗಳ ಹಿಕ್ಕೆ ತಿಂದು ಸೊಪ್ಪು ಅರಗಿಸುವ ಸೂಕ್ಷ್ಮಜೀವಿಗಳನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತವೆ. ಬೆಣ್ಣೆದೋಸೆಯವರು ತಿಂಡಿ ತಿನ್ನುತ್ತಾ ಓದುತ್ತಿದ್ದರೆ ಕ್ಷಮಿಸಿ.

ಇದಕ್ಕಿಂತ ಮಜಾ ಇರುವುದು ಕ್ರೊಯೇಷಿಯಾದ ಕತೆ. 1971ರಲ್ಲಿ ಒಂದು ದ್ವೀಪದಿಂದ 5 ಜೋಡಿ ಗೋಡೆ ಓತಿಗಳನ್ನು ಪಕ್ಕದ ಪುಟ್ಟ ದ್ವೀಪಕ್ಕೆ ಬಿಟ್ಟರು. ಸುಮಾರು 36 ವರ್ಷ ಆದ ಮೇಲೆ ಹೋಗಿ ನೋಡಿದರೆ ಅವುಗಳ ಸಂತತಿಯ ತಲೆ ದೊಡ್ಡದಾಗಿತ್ತು, ಕಚ್ಚುವ ಬಲ ಏರಿತ್ತು, ಕರುಳಿನಲ್ಲಿ ಸೊಪ್ಪನ್ನು ತಡೆದು ನಿಲ್ಲಿಸುವ ಮಡಿಕೆಗಳೂ ಬಂದಿದ್ದವು. ಊಟದಲ್ಲಿ ಸಸ್ಯದ ಪಾಲು ವಸಂತದಲ್ಲಿ 34%, ಬೇಸಿಗೆಯಲ್ಲಿ 61%. ಮೂಲ ದ್ವೀಪದಲ್ಲಿ ಅದು ಎರಡೂ ಕಾಲಕ್ಕೆ 10% ದಾಟಲಿಲ್ಲ. ಮೇಷ್ಟ್ರೇ, ಇಲ್ಲಿ ತಲೆ ದೊಡ್ಡದಾದದ್ದು ಬರೀ ಜಗಳಕ್ಕೆ ಅಂತೀರಾ?

ನಿವೃತ್ತ ಮೇಷ್ಟ್ರು

ಅಲ್ಲಿ ಹೆಣ್ಣಿನ ತಲೆಯೂ ದೊಡ್ಡದಾಯಿತಲ್ಲ, ಅದು ಊಟದ ಲೆಕ್ಕ ಸರಿ. ನಾನು ಹೇಳಿದ್ದು ಒಂದೇ ಬಂಡೆಯ ಗಂಡಿಗೂ ಹೆಣ್ಣಿಗೂ ಇರುವ ಅಂತರದ ಬಗ್ಗೆ. ಎರಡು ಬೇರೆ ಪ್ರಶ್ನೆ.

ಕೋಟೆ ಪಕ್ಕದವಳು

ಅಬ್ಬಾ, ಒಂದು ಪ್ರಶ್ನೆಗೆ ಇಷ್ಟು ಉತ್ತರ! ಈಗ ನನ್ನ ಬಂಡೆಯಲ್ಲೇ ನೋಡಬೇಕು ಅನಿಸುತ್ತಿದೆ. ಹಿಡಿಯದೆ, ಅವಕ್ಕೆ ತೊಂದರೆ ಕೊಡದೆ ಏನು ತಿಂದಿವೆ ಅಂತ ತಿಳಿಯುವುದು ಹೇಗೆ? ಗಂಡು ಕೂರುವ ಜಾಗದಲ್ಲಿ ಹಿಕ್ಕೆ ಬಿದ್ದಿರುತ್ತದೆ, ಅದರಿಂದ ಗೊತ್ತಾಗುತ್ತದಾ?

ಎಮ್ಮೆಸ್ಸಿ ಇನ್ನೂ ಮುಗಿದಿಲ್ಲ

ಖಂಡಿತ ಅಕ್ಕಾ. ಒಂದು ತುದಿಗೆ ಬಿಳಿ ಮೊಗ್ಗು ಇದ್ದರೆ ಓತಿ, ಹಲ್ಲಿಯದು ಅಂತ ಲೆಕ್ಕ. ಬಿಳಿಯದು ಅದರ ಮೂತ್ರ. ಹಿಕ್ಕೆಯನ್ನು ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರಿಗೆ ಹಾಕಿ ನೆನೆಯಲು ಬಿಡಿ, ಸೂಜಿಯಲ್ಲಿ ಮೆಲ್ಲಗೆ ಬಿಡಿಸಿ, ಭೂತಗನ್ನಡಿ ಹಿಡಿಯಿರಿ. ಇರುವೆಯ ತಲೆಗಳು ಸಾಸಿವೆಗಿಂತ ಸಣ್ಣದಾಗಿ, ಕಂದು ಬಣ್ಣಕ್ಕೆ ಹೊಳೆಯುತ್ತಾ ಇಡಿಯಾಗಿ ಸಿಗುತ್ತವೆ, ದವಡೆಯೂ ಹಾಗೇ ಇರುತ್ತದೆ. ಜೀರುಂಡೆಯ ಮೇಲ್ರೆಕ್ಕೆ ಹಸಿರೋ ಕಪ್ಪೋ ಮಿಂಚುವ ಚೂರುಗಳು. ಮಿಡತೆಯ ಹಿಂಗಾಲಿನಲ್ಲಿ ಗರಗಸದ ಮುಳ್ಳು ಕಾಣುತ್ತದೆ. ತಲೆಗಳನ್ನು ಮಾತ್ರ ಎಣಿಸಿ, ಕಾಲು ಎಣಿಸಿದರೆ ಒಂದೇ ಇರುವೆ ಆರಾಗುತ್ತದೆ.

ಎರಡು ಎಚ್ಚರ. ಕಂಬಳಿ ಹುಳ, ಗೆದ್ದಲಿನಂಥ ಮೆತ್ತನೆಯ ಮೈಯವು ಹಿಕ್ಕೆಯಲ್ಲಿ ಹೆಚ್ಚು ಗುರುತು ಉಳಿಸುವುದಿಲ್ಲ. 2018ರಲ್ಲಿ ನಮ್ಮ ರಾಜ್ಯಕ್ಕೆ ಕಾಲಿಟ್ಟ ಫಾಲ್ ಸೈನಿಕ ಹುಳ, ಅದೂ ಮೆತ್ತನೆಯ ಮರಿಹುಳವೇ, ಮೆಕ್ಕೆಜೋಳದಲ್ಲಿ ತುಂಬಿರುವಾಗ ಓತಿ ಅದನ್ನು ಹೊಟ್ಟೆ ತುಂಬ ತಿಂದಿದ್ದರೂ ಹಿಕ್ಕೆ ನೋಡಿದವರಿಗೆ ಬರೀ ಇರುವೆ ಕಾಣಬಹುದು. ಇನ್ನೊಂದು, ತಲೆ ಎಣಿಸುವುದು ಬೇರೆ, ಹೊಟ್ಟೆ ತುಂಬುವುದು ಬೇರೆ. 40 ಇರುವೆ, 1 ಮಿಡತೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಎಣಿಕೆಯಲ್ಲಿ ಇರುವೆ ಗೆದ್ದಿತು. ತೂಕದಲ್ಲಿ ಆ ಒಂದು ಮಿಡತೆಯೇ ಎಲ್ಲವನ್ನೂ ಮೀರಬಹುದು. ಗಂಡೂ ಹೆಣ್ಣೂ ಒಂದೇ ತಿನ್ನುತ್ತವೆ ಅಂತ ಬರೆಯುವವರು, ಬೇರೆ ತಿನ್ನುತ್ತವೆ ಅಂತ ಬರೆಯುವವರು, ಎಷ್ಟೋ ಸಲ ಇಬ್ಬರೂ ಒಂದೇ ತಟ್ಟೆ ನೋಡಿ ಎರಡು ಥರ ಎಣಿಸಿರುತ್ತಾರೆ.

ಸಂಶೋಧಕರು ತೆಳ್ಳನೆಯ ನಳಿಕೆಯಲ್ಲಿ ಹೊಟ್ಟೆಗೆ ನೀರು ಬಿಟ್ಟು ತಿಂದದ್ದನ್ನು ಹೊರಗೆ ತೆಗೆದು ನೋಡುತ್ತಾರೆ, ಆಮೇಲೆ ಬಿಟ್ಟುಬಿಡುತ್ತಾರೆ. ಅದಕ್ಕೆ ಅನುಮತಿ ಬೇಕು, ಕೈ ಪಳಗಿರಬೇಕು. ಮನೆಯಲ್ಲಿ ಯಾರೂ ಕೈ ಹಾಕಬೇಡಿ.

ಟ್ಯೂಬ್‌ಲೈಟ್, ಹರಿಹರ

ಹಿಕ್ಕೆ ಗಂಡಿನದೋ ಹೆಣ್ಣಿನದೋ ಹೇಗೆ ಹೇಳುವುದು?

ನಿವೃತ್ತ ಮೇಷ್ಟ್ರು

ಹಿಕ್ಕೆ ನೋಡಿ ಹೇಳಲು ಆಗುವುದಿಲ್ಲ, ಹಾಕುವಾಗ ನೋಡಿರಬೇಕು. ಗಂಡಿನ ತುದಿಬಂಡೆ ಗೊತ್ತಿದ್ದರೆ ಬೆದೆಗಾಲದಲ್ಲಿ ಅಲ್ಲಿ ಬಿದ್ದದ್ದು ಅದರದ್ದೇ ಅಂತ ಹೆಚ್ಚುಕಡಿಮೆ ನಂಬಬಹುದು, ಬೇರೆ ಗಂಡನ್ನು ಅದು ಬಿಡುವುದಿಲ್ಲ. ಬಿರುಕಿನ ಬಾಯಲ್ಲಿ ಬಿದ್ದದ್ದು ಯಾವ ಹೆಣ್ಣಿನದು ಅನ್ನುವುದು ಕಷ್ಟ, ಸುಮ್ನೆ "ಹೆಣ್ಣುಗಳು" ಅಂತ ಒಟ್ಟಿಗೆ ಇಡಿ. ಮರಿಯದು ಗಾತ್ರದಲ್ಲೇ ಗೊತ್ತಾಗುತ್ತದೆ, ಅಕ್ಕಿಕಾಳಿನಷ್ಟಿರುತ್ತದೆ. ಒಂದೇ ತಿಂಗಳು ನೋಡಿ ನಿಲ್ಲಿಸಬೇಡಿ. ಒಣಗಾಲದ್ದು ಒಂದು ಕಂತು, ಮಳೆ ಬಿದ್ದ ಮೇಲಿನದು ಒಂದು ಕಂತು ಬೇಕೇ ಬೇಕು. ಕೋಟೆಯೊಳಗೆ, ಜೋಗಿಮಟ್ಟಿ ಕಾಡಿನಲ್ಲಿ ಹೆಕ್ಕಲು ಹೋಗಬೇಡಿ, ನಿಮ್ಮ ಹಿತ್ತಲೇ ಸಾಕು.

ಬೆಣ್ಣೆದೋಸೆ

ಅಕ್ಕಾ, ತಟ್ಟೆಯನ್ನು ಮಾತ್ರ ಅಡುಗೆಮನೆಯಿಂದ ತರಬೇಡಿ.

ಎಮ್ಮೆಸ್ಸಿ ಇನ್ನೂ ಮುಗಿದಿಲ್ಲ

ನಗಬೇಡಿ, ಅದು ನಿಜಕ್ಕೂ ಮುಖ್ಯ. ಓತಿ, ಹಲ್ಲಿಗಳ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇದೆ. ಕೈಗವಸು ಹಾಕಿ, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಮಕ್ಕಳನ್ನು ದೂರ ಇಡಿ. ಹಿಕ್ಕೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ, ಪೇಪರ್ ಪೊಟ್ಟಣ ಮಾಡಿ ನೆರಳಲ್ಲಿ ಒಣಗಿಸಿ. ಪೊಟ್ಟಣದ ಮೇಲೆ ತಾರೀಖು, ಯಾವ ಬಂಡೆ, ಹಿಂದಿನ ವಾರ ಮಳೆ ಬಂದಿತ್ತಾ ಇಲ್ವಾ, ಇಷ್ಟು ಬರೆಯಿರಿ. ಪೆನ್ಸಿಲ್‌ನಲ್ಲೇ ಬರೆಯಿರಿ, ನೀರು ಬಿದ್ದರೆ ಇಂಕು ಹರಡುತ್ತದೆ.

ಕೋಟೆ ಪಕ್ಕದವಳು

ಸರಿ. ಇವತ್ತು ತುದಿಬಂಡೆಯಿಂದ ಮೊದಲನೇ ಪೊಟ್ಟಣ ಕಟ್ಟಿದ್ದೇನೆ, ಇಲ್ಲಿ ಇನ್ನೂ ಮಳೆ ಬಂದಿಲ್ಲ. ಬಿಡಿಸಿ ನೋಡಿ ಫೋಟೋ ಹಾಕುತ್ತೇನೆ, ಯಾವ ತಲೆ ಯಾವುದರದು ಅಂತ ಗುರುತು ಹಿಡಿಯಲು ಎಮ್ಮೆಸ್ಸಿಯವರು ಸಿಗಬೇಕು.